ಸ್ವಯಂಲೇಖ ತಾನೇ ಬರೆದದ್ದು

ನನಗೊಂದು ಸಣ್ಣ ಅಳುಕು ಹುಟ್ಟಿಕೊಂಡಿದೆ. ಸರ್ ಮಾತಾಡುವಾಗ ನನ್ನ ಮೇಲ್ತುಟಿಯ ಎಡಭಾಗ ತಾನಾಗಿಯೇ ಎಳೆದುಕೊಳ್ಳುತ್ತದೆ. ಕಳೆದ ತಿಂಗಳು ಕಿಟಕಿಯ ಗಾಜಿನಲ್ಲಿ ನೋಡಿಕೊಂಡೆ. ಹುಳಿ ಮಜ್ಜಿಗೆ ಕುಡಿದವರ ಮುಖ. ಬಾಯಿ ಬಿಟ್ಟು ಒಂದು ಮಾತೂ ಆಡದ ನಾನು ತುಟಿಯಿಂದ ಸಿಕ್ಕಿಬಿದ್ದರೆ ಏನು ಗತಿ? ಅಂದಿನಿಂದ ಸರ್ ಎದುರು ಬಂದಾಗಲೆಲ್ಲ ಕರವಸ್ತ್ರವನ್ನು ಬಾಯಿಗೆ ಹಿಡಿಯುತ್ತಿದ್ದೇನೆ. "ಶೀತಾನಾಮ್ಮಾ?" ಎಂದು ಅವರು ಎರಡು ಸಲ ಕೇಳಿದರು. ಹೂಂ ಎಂದೆ. ರಾತ್ರಿ ಡೈರಿಯಲ್ಲಿ ಬರೆದುಕೊಂಡೆ: ಶೀತ, ಮೂರನೆಯ ವಾರ.

ಸರ್ ಎಂದರೆ ಡಾಕ್ಟರ್ ಅಂಜನಮೂರ್ತಿ. ತಾನೇ ಪ್ರೋಗ್ರಾಂ ಬರೆಯುವ ಯಂತ್ರವನ್ನು ಕಟ್ಟಲು ಹದಿನೈದು ವರ್ಷ ಸವೆಸಿದವರು. ಹೊರದೇಶದಲ್ಲಿ ಡಾಕ್ಟರೇಟ್ ಮುಗಿಸಿ ಎಂಬತ್ತೊಂಬತ್ತರಲ್ಲಿ ಬಂದು ಹಲಸೂರಿನ ಒಂದು ಗ್ಯಾರೇಜಿನಲ್ಲಿ ಶುರುಮಾಡಿದ್ದಂತೆ. ಈಗ ಇಂದಿರಾನಗರದಲ್ಲಿ ಒಂದು ಹಳೆಯ ಬಂಗಲೆ, ಗೇಟಿನ ಮೇಲೆ 'ಸ್ವಯಂಲೇಖ ಸಂಶೋಧನಾ ಕೇಂದ್ರ' ಎಂಬ ಹಿತ್ತಾಳೆ ಫಲಕ. ಒಳಗೆ ಹೋಗುವ ಓಣಿಯಲ್ಲಿ ಚೌಕಟ್ಟು ಹಾಕಿದ ಮೂರು ಪತ್ರಿಕಾ ತುಣುಕುಗಳು ತೂಗುತ್ತಿವೆ. ತೊಂಬತ್ತೊಂದರ ತುಣುಕಿನಲ್ಲಿ ಸರ್‌ಗೆ ಕಪ್ಪು ಮೀಸೆ. ತೊಂಬತ್ತಾರರದ್ದರಲ್ಲಿ ಅರ್ಧ ಬಿಳಿ. ಎರಡು ಸಾವಿರದ ಒಂದರದ್ದರಲ್ಲಿ ಮತ್ತೆ ಕಪ್ಪು, ಮೊದಲಿಗಿಂತ ಕಪ್ಪು. ಮೀಸೆ ಬದಲಾದರೂ ಮಾತು ಬದಲಾಗಿಲ್ಲ. ಮೂರರಲ್ಲೂ ಅವರು ಹೇಳಿರುವುದು ಒಂದೇ: ಇನ್ನೈದು ವರ್ಷದಲ್ಲಿ ಪ್ರೋಗ್ರಾಂ ಬರೆಯುವ ಮನುಷ್ಯರೇ ಬೇಕಾಗುವುದಿಲ್ಲ.

ಬೇಕಾಗುವುದಿಲ್ಲ ಎಂದು ಅವರು ಹೇಳುತ್ತಲೇ ಇದ್ದರು. ಹೊರಗೆ ನೂರಡಿ ರಸ್ತೆಯ ಬಂಗಲೆಗಳೆಲ್ಲ ಒಂದೊಂದಾಗಿ ಕಂಪ್ಯೂಟರ್ ಆಫೀಸುಗಳಾಗಿ, ಅಂಥ ಮನುಷ್ಯರೇ ಬಸ್ಸು ಬಸ್ಸಾಗಿ ಬಂದು ಇಳಿಯುತ್ತಲೇ ಇದ್ದರು.

ಎರಡು ಸಾವಿರದ ಇಸವಿಯ ತೊಂದರೆ ಎಂದು ಎಲ್ಲರೂ ಹೆದರಿದ್ದ ಕಾಲದ ಕತೆಯನ್ನು ನಾಗರತ್ನಾ ಮೇಡಂ ಹೇಳಿದ್ದರು. ಅವರು ನಮ್ಮ ಆಫೀಸಿನ ವ್ಯವಸ್ಥೆ ನೋಡಿಕೊಳ್ಳುವವರು, ಗ್ಯಾರೇಜಿನ ಕಾಲದಿಂದ ಇದ್ದಾರೆ. ಹಳೆಯ ಪ್ರೋಗ್ರಾಂಗಳು ಇಸವಿಯ ಕೊನೆಯ ಎರಡು ಅಂಕಿಗಳನ್ನು ಮಾತ್ರ ಬರೆದುಕೊಳ್ಳುತ್ತಿದ್ದವಲ್ಲ, ಅದನ್ನು ನಮ್ಮ ಯಂತ್ರ ತಾನೇ ಸರಿಮಾಡುತ್ತದೆ ಎಂದು ಸರ್ ಎಲ್ಲ ಕಡೆ ಹೇಳಿಬಿಟ್ಟರಂತೆ. ಯಂತ್ರ ಹನ್ನೊಂದು ದಿನ ಓಡಿತಂತೆ. ಕೊನೆಗೆ ಒಂದು ಪ್ರೋಗ್ರಾಂ ಬರೆಯಿತು. ತೊಂಬತ್ತೊಂಬತ್ತನೆಯ ಇಸವಿಯ ಡಿಸೆಂಬರ್ ಮೂವತ್ತೊಂದರವರೆಗೂ ಅದು ಒಂದೇ ಒಂದು ತಪ್ಪು ಮಾಡುತ್ತಿರಲಿಲ್ಲವಂತೆ!

"ಆಮೇಲೆ?" ಎಂದು ಕೇಳಿದ್ದೆ.

"ಆಮೇಲೆ ಏನು? ಕೊಟ್ಟಿದ್ದ ಉದಾಹರಣೆ ಎಲ್ಲಾ ಹಿಂದಿನ ಶತಮಾನದ್ದೇ. ಅದೇನು ಜೋತಿಷ್ಯ ಓದಿತ್ತಾ?" ಎಂದು ನಾಗರತ್ನಾ ಮೇಡಂ ಬಿಸಿ ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡು ನಕ್ಕಿದ್ದರು. "ಆದ್ರೂ ಸರ್ ಅದರ ಮೇಲೆ ಎರಡು ಪೇಪರ್ ಬರೆದ್ರು ಕಣೇ. ಒಂದಕ್ಕೆ ಶಾಲೂನೂ ಹೊದಿಸಿದ್ರು."

ಯಂತ್ರ ಹೇಗೆ ಕೆಲಸಮಾಡುತ್ತದೆ ಎನ್ನುವುದು ಕಷ್ಟದ ಸಂಗತಿಯೇನಲ್ಲ. ಲೆಕ್ಕ ಹೇಗೆ ಮಾಡಬೇಕೆಂದು ನಾವು ಹೇಳಬೇಕಾಗಿಲ್ಲ. ಇದು ಕೊಟ್ಟರೆ ಅದು ಬರಬೇಕು ಎಂದು ನಾಲ್ಕಾರು ಉದಾಹರಣೆ ಕೊಟ್ಟರೆ ಸಾಕು, ಅಂಥ ಉತ್ತರ ಬರಿಸುವ ಪ್ರೋಗ್ರಾಮನ್ನು ಸ್ವಯಂಲೇಖ ಹುಡುಕುತ್ತದೆ. ಅದರ ಬಳಿ ಸಣ್ಣ ಸಣ್ಣ ತುಣುಕುಗಳ ಒಂದು ಲೈಬ್ರರಿ ಇದೆ. ಕೂಡಿಸುವ ತುಣುಕು, ಎಣಿಸುವ ತುಣುಕು, ಹೆಸರಿನಿಂದ ಇನಿಷಿಯಲ್ ಬೇರ್ಪಡಿಸುವ ತುಣುಕು. ಒಂದಕ್ಕೊಂದು ಜೋಡಿಸಿ, ಉತ್ತರ ಬಂತೇ ಎಂದು ನೋಡಿ, ಬರದಿದ್ದರೆ ಕಿತ್ತು, ಮತ್ತೆ ಜೋಡಿಸುತ್ತ ಕೂತಿರುತ್ತದೆ. ಆ ತುಣುಕುಗಳನ್ನು ಇಡುವವಳು ನಾನು. ನನ್ನ ಹುದ್ದೆಯ ಹೆಸರು ಲೈಬ್ರರಿ ಅಸಿಸ್ಟೆಂಟ್. ಬಿ.ಎಸ್‌ಸಿ. ಕಂಪ್ಯೂಟರ್ ಮುಗಿಸಿದ ಮಗಳು ಪುಸ್ತಕಕ್ಕೆ ಮುದ್ರೆ ಒತ್ತುತ್ತಾಳೆಂದು ನಮ್ಮವ್ವ ಗರುಡಾಚಾರ್‌ಪಾಳ್ಯದ ಇಡೀ ವಠಾರಕ್ಕೆ ಹೇಳಿಬಿಟ್ಟಿದ್ದಾಳೆ. ನಾನೂ ತಿದ್ದಲು ಹೋಗಿಲ್ಲ.

ನಿಜವಾದ ಕೆಲಸ ಹೀಗೆ ನಡೆಯುತ್ತದೆ. ನಮ್ಮ ಸಂಶೋಧನೆಗೆ ಹಣ ಕೊಡುವವರು ಯಂತ್ರವನ್ನು ಪರೀಕ್ಷಿಸಲು ಮೂರು ತಿಂಗಳಿಗೊಮ್ಮೆ ಅಂಟಿಸಿದ ಕವರಿನಲ್ಲಿ ನಲವತ್ತು ಪ್ರಶ್ನೆ ಕಳಿಸುತ್ತಾರೆ. ಕವರು ಬಂದ ಮುಂದಿನ ಬುಧವಾರ ಅವರ ಕಡೆಯವರೊಬ್ಬರ ಎದುರಿಗೆ ಕವರು ಒಡೆದು ಯಂತ್ರಕ್ಕೆ ಕೊಡಬೇಕು. ಕವರು ಬರುವುದು ಶುಕ್ರವಾರ. ಅಂದೇ ಮಧ್ಯಾಹ್ನ ಸರ್ ಅದನ್ನು ಬಿಡಿಸಿ, ಪ್ರಶ್ನೆಗಳನ್ನು ನನ್ನ ಮೇಜಿನ ಮೇಲೆ ಇಡುತ್ತಾರೆ. ಬುಧವಾರಕ್ಕೆ ಕವರು ಮತ್ತೆ ಅಂಟಿಕೊಂಡಿರುತ್ತದೆ. ಗೋಂದಿನ ಬಾಟಲಿ ಸರ್ ಮೇಜಿನ ಮೇಲೇ ಇರುತ್ತದೆ, ಬಚ್ಚಿಟ್ಟದ್ದೇನಲ್ಲ.

"ಉತ್ತರ ಬರಿ ಅಂತ ನಾನು ಹೇಳ್ತಾ ಇಲ್ಲಮ್ಮಾ ಪ್ರಿಯದರ್ಶಿನಿ. ಅದು ಮೋಸ ಆಗತ್ತೆ. ಇದನ್ನೆಲ್ಲಾ ಓದ್ಕೊಂಡು, ನಮ್ಮ ಲೈಬ್ರರೀಲಿ ಎಲ್ಲೆಲ್ಲಿ ತೂತಿದೆ ನೋಡು. ಇದ್ರೆ ಮುಚ್ಚು. ಅಷ್ಟೇ."

ಕಳೆದ ಜುಲೈಯಲ್ಲಿ ಬಂದ ಒಂದು ಪ್ರಶ್ನೆ: ಯಾವುದೇ ತಿಂಗಳು ಕೊಟ್ಟರೆ ಎರಡನೇ ಶನಿವಾರ ಯಾವ ತಾರೀಕೆಂದು ಹೇಳಬೇಕು. ನಾನು ತೂತು ನೋಡಿದೆ. ತೂತು ಸರಿಯಾಗಿ ಎರಡನೇ ಶನಿವಾರದ ಆಕಾರದಲ್ಲೇ ಇತ್ತು. 'ಎರಡನೇ ಶನಿವಾರ' ಎಂಬ ಹೆಸರಿನ ತುಣುಕು ಬರೆದು ಮುಚ್ಚಿದೆ. ಬುಧವಾರ ಯಂತ್ರ ಹನ್ನೊಂದು ನಿಮಿಷ ಫ್ಯಾನು ಗಿರಗಿರ ತಿರುಗಿಸುತ್ತ ಯೋಚಿಸಿತು. ನಮ್ಮ ಯಂತ್ರ ಬಂಗಲೆಯ ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆಯ ಮೇಲಿದೆ. ಹೊಗೆ ಹೋಗಲೆಂದು ಮಾಡಿದ್ದ ಕಿಂಡಿಯಿಂದ ಅದರ ಬಿಸಿ ಹೊರಹೋಗುತ್ತದೆ. ಹನ್ನೊಂದು ನಿಮಿಷವಾದ ಮೇಲೆ ಪರದೆಯ ಮೇಲೆ ಒಂದು ಸಾಲಿನ ಪ್ರೋಗ್ರಾಂ ಮೂಡಿತು. ಅದರ ಒಟ್ಟು ಅರ್ಥ: 'ಎರಡನೇ ಶನಿವಾರ' ಎಂಬ ತುಣುಕನ್ನು ಕರೆ.

ಸರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ನೋಡಿ! ಎರಡನೇ ಶನಿವಾರ ಅನ್ನೋ ಪರಿಕಲ್ಪನೆಯನ್ನೇ ಅದು ಕಂಡುಕೊಂಡ್ಬಿಟ್ಟಿದೆ!" ಅವರ ಕಣ್ಣಲ್ಲಿ ನೀರಿತ್ತು. ಆ ನೀರು ನಾಟಕದ್ದಲ್ಲ, ಅದೇ ನನಗೆ ಸಹಿಸಲಾಗದ ಸಂಗತಿ. ಕಳ್ಳನಾಗಿದ್ದರೆ ಗೌರವವಾದರೂ ಹುಟ್ಟುತ್ತಿತ್ತೇನೋ. ಇವರು ನಂಬಿದ್ದಾರೆ.

ಪಿಯುಸಿಯಲ್ಲಿ ನಾವೂ ಹೀಗೆಯೇ ಪಾಸಾದವರು. ಗೈಡು ತಂದು, ಬರುವ ಪ್ರಶ್ನೆಗಳಿಗೆ ಗುರುತು ಹಾಕಿಸಿಕೊಂಡು, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಕಕ್ಕಿ ಬಂದವರು. ಆದರೆ ನಮ್ಮ ಗೈಡು ಬರೆದವನು ನಮ್ಮನ್ನು ಕಂಡು ಅತ್ತಿರಲಿಲ್ಲ. ಸ್ವಯಂಲೇಖ ಆ ಸಲ ನಲವತ್ತರಲ್ಲಿ ಮೂವತ್ತೇಳು ಪ್ರಶ್ನೆ ಬಿಡಿಸಿತು. ಅಲ್ಲೀತನಕ ಯಾವತ್ತೂ ಅಷ್ಟು ಬಂದಿರಲಿಲ್ಲವಂತೆ. ಮೈಸೂರುಪಾಕು ಹಂಚಿದರು. ನಾನೂ ಎರಡು ತಿಂದೆ.

ಮುನೀರ್ ತಿನ್ನಲಿಲ್ಲ. ಸರ್ ಕೈಕೆಳಗೆ ಆರು ವರ್ಷದಿಂದ ಪಿಎಚ್‌.ಡಿ. ಮಾಡುತ್ತಿರುವವರು ಅವರು. ಶಿವಾಜಿನಗರದವರು, ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಅವರ ತಂದೆಯದು ಪುಸ್ತಕ ಬೈಂಡಿಂಗ್ ಅಂಗಡಿ. ಬಂಗಲೆಯಲ್ಲಿ ಬೇರೆ ಜಾಗವಿಲ್ಲದ್ದರಿಂದ ಮುನೀರ್ ಕೂರುವುದು ಹಳೆಯ ದೇವರಕೋಣೆಯಲ್ಲಿ. ಗಂಟೆ ತೂಗುಹಾಕುತ್ತಿದ್ದ ಕೊಂಡಿಗೆ ಈಗ ಅವರ ಬ್ಯಾಗು.

"ಚಪ್ಲಿ ಬಿಟ್ಟು ಹೋಗಪ್ಪಾ. ಎಷ್ಟಾದ್ರೂ ದೇವ್ರಿದ್ದ ಜಾಗ," ಎಂದು ನಾಗರತ್ನಾ ಮೇಡಂ ಎನ್ನುತ್ತಿರುತ್ತಾರೆ.

"ನಾನು ಬಿಟ್ಟೇ ಕೂತಿದೀನಿ ಮೇಡಂ. ದೇವ್ರೇ ಚಪ್ಲಿ ಹಾಕ್ಕೊಂಡು ಹೊರಟುಹೋಗಿದಾನೆ," ಎನ್ನುತ್ತಾರೆ ಮುನೀರ್.

ಅವರ ಬಳಿ ಜೂನ್ ತಿಂಗಳಲ್ಲಿ ತೆಗೆದಿಟ್ಟ ಒಂದು ಸಿ.ಡಿ. ಇತ್ತು. ಅದರಲ್ಲಿ ನಮ್ಮ ಲೈಬ್ರರಿಯ ಪ್ರತಿ, ಅಂದರೆ ಜುಲೈ ಕವರು ಬರುವುದಕ್ಕೆ ಮೊದಲಿನದು. ಅದೇ ನಲವತ್ತು ಪ್ರಶ್ನೆಗಳನ್ನು ಆ ಹಳೆಯ ಲೈಬ್ರರಿಯ ಮೇಲೆ ಅವರು ಓಡಿಸಿ ನೋಡಿದರು. ಯಂತ್ರ ನಾಲ್ಕು ಬಿಡಿಸಿತು. ಇದನ್ನೇ ಅವರು ತಮ್ಮ ಪ್ರಬಂಧದ ಐದನೆಯ ಅಧ್ಯಾಯವಾಗಿ ಬರೆದರು: ಇಂಥ ಯಂತ್ರಗಳ ಜಾಣತನ ಎಷ್ಟು, ಅವಕ್ಕೆ ತುಣುಕು ಒದಗಿಸುವವರ ಜಾಣತನ ಎಷ್ಟು ಎಂದು ಅಳೆಯುವ ವಿಧಾನ. ಬಂಗಲೆಯಲ್ಲಿ ಹದಿನೈದು ವರ್ಷದಲ್ಲಿ ನಡೆದ ಏಕೈಕ ಸಂಶೋಧನೆ ಅದು. ಸಂಶೋಧನಾ ಕೇಂದ್ರಕ್ಕೇ ಅದು ಬೇಡವಾಗಿತ್ತು.

ಆಗಸ್ಟಿನಲ್ಲಿ ಸರ್ ನನ್ನ ಮೇಜಿಗೆ ಬಂದರು. ಪ್ರತಿ ತುಣುಕಿನ ತಲೆಯ ಮೇಲೆ ಅದನ್ನು ಬರೆದ ತಾರೀಕು ಇರುತ್ತದೆ. "ಒಂದೊಂದಕ್ಕೆ ಒಂದೊಂದು ತಾರೀಕು, ನೋಡೋಕೆ ಗಲೀಜು. ಎಲ್ಲಾ ಒಂದೇ ಇರ್ಲಿ. ಎರಡು ಸಾವಿರದ ಎರಡು ಜನವರಿ ಒಂದು ಅಂತ ಹಾಕ್ಬಿಡು. ನೀಟಾಗಿರತ್ತೆ," ಎಂದರು. ಒಂದು ಮಧ್ಯಾಹ್ನದಲ್ಲಿ ನಾನೂರ ಹನ್ನೆರಡು ತುಣುಕುಗಳ ತಾರೀಕು ಬದಲಿಸಿದೆ. ಏಕೆಂದು ಕೇಳಲಿಲ್ಲ. ನೀಟಾದ ಕೆಲಸವೆಂದರೆ ನನಗೆ ಪ್ರಾಣ. ಮುಗಿಸಿದ ಮೇಲೆ ಪರದೆಯ ಮೇಲೆ ಒಂದೇ ತಾರೀಕು ಸಾಲಾಗಿ ಇಳಿದುಹೋಗುವುದನ್ನು ನೋಡಿ ಖುಷಿಪಟ್ಟೆ ಕೂಡ. ಇದನ್ನು ಡೈರಿಯಲ್ಲಿ ಬರೆದ ಮೇಲೆ ಮಾತ್ರ ಅದನ್ನು ಬಟ್ಟೆಗಳ ಕೆಳಗೆ ಬಚ್ಚಿಟ್ಟೆ.

ಈಗ ಫೆಬ್ರವರಿ. ಮುನೀರ್ ಅವರ ನೋಂದಣಿಯ ಅವಧಿ ಮಾರ್ಚಿಗೆ ಮುಗಿಯುತ್ತದೆ. ಅಷ್ಟರೊಳಗೆ ಸರ್ ಪ್ರಬಂಧಕ್ಕೆ ಸಹಿ ಹಾಕದಿದ್ದರೆ ಆರು ವರ್ಷ ಬಚ್ಚಲಿಗೆ. ಸೋಮವಾರ ದೇವರಕೋಣೆಯ ಬಾಗಿಲಲ್ಲಿ ನಡೆದ ಮಾತು ಅಡುಗೆಮನೆಯಲ್ಲಿದ್ದ ನನಗೆ ಕೇಳುತ್ತಿತ್ತು.

"ಐದನೇ ಅಧ್ಯಾಯ ತೆಗಿ. ನಾಳೇನೇ ಸಹಿ ಹಾಕ್ತೀನಿ," ಎಂದರು ಸರ್.

"ಅದನ್ನ ತೆಗೆದ್ರೆ ಉಳಿಯೋದು ರಟ್ಟು ಸಾರ್. ರಟ್ಟು ನಮ್ಮ ಅಬ್ಬಾ ಅಂಗಡೀಲೇ ಬೇಕಾದಷ್ಟಿದೆ."

"ನಿನ್ನ ಸಿ.ಡಿ. ಸರಿ ಇಲ್ಲ ಕಣಯ್ಯಾ. ಅರ್ಧಂಬರ್ಧ ಕಾಪಿ ಆಗಿದೆ. ಲೈಬ್ರರಿಯ ತಾರೀಕು ನೋಡು, ಎಲ್ಲಾ ಆ ಪ್ರಶ್ನೆ ಬರೋಕ್ಕಿಂತ ಒಂದೂವರೆ ವರ್ಷ ಮುಂಚೇದು."

"ನಾನೂರ ಹನ್ನೆರಡು ತುಣುಕು ಒಂದೇ ದಿನ ಬರೆದ್ರಾ ಸಾರ್? ಅದೂ ಜನವರಿ ಒಂದನೇ ತಾರೀಕು? ಅವತ್ತು ಎಲ್ರೂ ಕೇಕ್ ತಿಂತಾರೆ."

"ನಾಲಿಗೆ ಉದ್ದ ಆಯ್ತು," ಎಂದರು ಸರ್. "ಬುಧವಾರ ಸುಭದ್ರಮ್ಮ ಮೇಡಂನ ಕರೆಸ್ತೀನಿ. ಯೂನಿವರ್ಸಿಟಿ ಪ್ರೊಫೆಸರು, ಹೊರಗಿನವರು. ಅವರೇ ನೋಡಿ ಹೇಳ್ಲಿ. ಆ ಅಧ್ಯಾಯ ನಿಲ್ಲಲ್ಲ ಅಂತ ಅವರಂದ್ರೆ ನಿನ್ನ ನೋಂದಣಿ ರದ್ದು."

ಮಂಗಳವಾರ ಸಂಜೆ ಬಸ್ ಸ್ಟಾಪಿನಲ್ಲಿ ಮುನೀರ್ ನನ್ನ ಪಕ್ಕ ಬಂದು ನಿಂತರು. ಅವರ ಬಸ್ಸು ಆ ಕಡೆಯ ಸ್ಟಾಪಿನಲ್ಲಿ ಬರುತ್ತದೆ, ನನ್ನದು ಕೆ.ಆರ್. ಪುರದ ಬಸ್ಸು.

"ಒಂದು ಕೇಳ್ತೀನಿ ಪ್ರಿಯಾ. ಬೇಜಾರ್ ಮಾಡ್ಕೋಬೇಡ. ಆ ಎರಡನೇ ಶನಿವಾರ ನೀನು ಯಾವತ್ತು ಬರೆದಿದ್ದು?"

"ನೆನಪಿಲ್ಲ," ಎಂದೆ.

ನೆನಪಿತ್ತು. ಜುಲೈ ಹತ್ತೊಂಬತ್ತು, ಶನಿವಾರ, ಮಧ್ಯಾಹ್ನ ಮೂರೂವರೆ. ಡೈರಿಯಲ್ಲಿ ಕೂಡ ಇತ್ತು. ಆ ಡೈರಿಯಲ್ಲಿ ಸರ್‌ನ ಮೀಸೆಯಿದೆ, ನಾಗರತ್ನಾ ಮೇಡಂ ನಗುವಿದೆ, ಎಲ್ಲರ ಹುಳುಕೂ ಇದೆ. ಎದುರಿಗೆ ಹೂಂ, ಹಿಂದೆ ಪುಟಗಟ್ಟಲೆ ತಿರಸ್ಕಾರ. ನಾನು ಬಹಳ ಸೂಕ್ಷ್ಮದವಳು ಎಂದುಕೊಂಡಿದ್ದೆ. ಸೂಕ್ಷ್ಮವೂ ಅಲ್ಲ, ಮಣ್ಣೂ ಅಲ್ಲ, ಹೇಡಿತನಕ್ಕೆ ಒಳ್ಳೆಯ ಅಕ್ಷರ ಅಷ್ಟೇ.

ಮುನೀರ್ ಮತ್ತೆ ಕೇಳಲಿಲ್ಲ. "ಠೀಕ್ ಹೈ. ಬಸ್ ಬಂತು ನೋಡು," ಎಂದರು.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾವು ಕಲಬುರಗಿ ಕಡೆಯವರು. ಬೆಂಗಳೂರಿಗೆ ಬಂದು ಒಂಬತ್ತು ವರ್ಷವಾದರೂ ಅವ್ವನ ರೊಟ್ಟಿಯ ಸದ್ದು ಸಣ್ಣದಾಗಿಲ್ಲ, ಮನೆಯೊಡತಿ ಆಂಜನಮ್ಮ ಆ ಸದ್ದು ಕೇಳಿದೊಡನೆ ಬಾಗಿಲಿಗೆ ಬಂದು ಕೂರುತ್ತಾರೆ. ಈ ಊರಿನ ಹಳೆಯ ಒಕ್ಕಲು ಅವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಕೋಣೆಗಳು ಬೆಳೆದಿವೆ.

"ಮಾರಿ ಯಾಕ ಹಂಗ ಮಾಡ್ಕೊಂಡೀದಿ?" ಎಂದಳು ಅವ್ವ.

"ಏನಿಲ್ಲವ್ವಾ. ಆಫೀಸಿನ್ಯಾಗ ನಾಳಿ ದೊಡ್ಡವ್ರು ಬರ್ತಾರ. ಮಷೀನು ತಾನೇ ಬರೀತದೋ ಇಲ್ಲೋ ಅಂತ ನೋಡ್ಲಾಕ."

"ಮಷೀನು ಏನು ಬರೀತದ? ನೀ ಬುಕ್ಕಿಗಿ ಸಿಕ್ಕಾ ಒತ್ತತಿ ಅಲ್ಲೇನು?"

ಅಂದು ಮೊದಲ ಸಲ ನನ್ನ ಕೆಲಸ ಏನೆಂದು ಅವಳಿಗೆ ಹೇಳಿದೆ. ಅವ್ವ ರೊಟ್ಟಿ ತಿರುವಿ ಹಾಕುತ್ತ ಕೇಳಿಸಿಕೊಂಡಳು.

"ಅಂದ್ರ ಅದಕ್ಕ ಬೇಕಾಗಿದ್ದು ನೀ ಮೊದಲೇ ಬರದಿಟ್ಟಿರ್ತಿ. ಅದು ಹುಡುಕಿ ತೆಗೀತದ."

"ಹೂಂ."

"ಮತ್ತ ಮಷೀನು ಬರೀತದ ಅಂತ ಯಾಕ ಹೇಳ್ತಿ? ನೀ ಬರೀತಿ ಅನ್ನು."

ಬಾಗಿಲಲ್ಲಿದ್ದ ಆಂಜನಮ್ಮ ನಕ್ಕುಬಿಟ್ಟರು. "ನಮ್ಮ ಕೆಂಪರಾಜಂದೂ ಇದೇ ಕತೆ ಕಣಮ್ಮಿ. ಟೆಂಪೋ ಓಡಿಸ್ತೀನಿ ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತಾನೆ. ಸ್ಟೇರಿಂಗ್ ಹಿಡಿಯೋನು ಡ್ರೈವರು. ಇವನು ಪಕ್ಕದಲ್ಲಿ ಕೂತು ಹಾರನ್ ಹೊಡೀತಾನೆ!"

ಹದಿನೈದು ವರ್ಷದ ಸಂಶೋಧನೆಯನ್ನು ಇಬ್ಬರು ಹೆಂಗಸರು ಎರಡು ರೊಟ್ಟಿ ಬೇಯುವಷ್ಟರಲ್ಲಿ ಮುಗಿಸಿದರು.

ಬುಧವಾರ ಬೆಳಿಗ್ಗೆ ಸುಭದ್ರಮ್ಮ ಮೇಡಂ ಆಟೋದಲ್ಲಿ ಬಂದರು. ಅರವತ್ತರ ಆಸುಪಾಸು, ನೂಲಿನ ಸೀರೆ, ಕೈಯಲ್ಲಿ ಕೊಡೆ. ಕಾಫಿ ಬೇಡ, ಬಿಸಿನೀರು ಸಾಕೆಂದರು. ಹಾಲಿನಲ್ಲಿ ಒಂದು ಕಡೆ ಸರ್, ಇನ್ನೊಂದು ಕಡೆ ಮುನೀರ್, ನಡುವೆ ಅವರು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಲೈಬ್ರರಿಯ ಪ್ರಿಂಟೌಟ್ ತೊಡೆಯ ಮೇಲಿಟ್ಟುಕೊಂಡು ನಾನು. ಅವರು ಬರುವ ಮೊದಲೇ ಸರ್ ನನ್ನ ಬಳಿ ಬಂದು ಮೆತ್ತಗೆ ಹೇಳಿದ್ದರು: "ನಿನ್ನನ್ನೇನಾದ್ರೂ ಕೇಳ್ಬಹುದು. ತಲೆ ಅಲ್ಲಾಡಿಸಿದ್ರೆ ಸಾಕು. ನಿಂಗೆ ಮಾತು ಕಷ್ಟ ಅಂತ ನಂಗೊತ್ತಿಲ್ವಾ?" ಎಷ್ಟು ಅಕ್ಕರೆ!

ಸುಭದ್ರಮ್ಮ ಮೇಡಂ ಒಂದು ಗಂಟೆ ಓದಿದರು. ಆಮೇಲೆ ಮುನೀರ್ ಅವರನ್ನೂ ಸರ್ ಅವರನ್ನೂ ಪ್ರಶ್ನೆ ಕೇಳಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ನೋಡಪ್ಪಾ ಮುನೀರ್, ನಿನ್ನ ವಿಧಾನ ನಂಗೆ ಹಿಡಿಸ್ತು. ಆದ್ರೆ ಇಡೀ ಅಧ್ಯಾಯ ನಿಂತಿರೋದು ಒಂದೇ ಮಾತಿನ ಮೇಲೆ. ಪ್ರಶ್ನೆ ಬಂದ ಮೇಲೆ ಲೈಬ್ರರಿ ಬೆಳೀತು ಅಂತೀಯ. ನಿನ್ನ ಸಿ.ಡಿ. ಹಾಗೆ ಹೇಳತ್ತೆ. ಲೈಬ್ರರಿಯ ತಾರೀಕು ಹಾಗೆ ಹೇಳಲ್ಲ. ಬೇರೆ ಏನಾದ್ರೂ ಇದೆಯಾ ನಿನ್ನ ಹತ್ರ?"

"ಇಲ್ಲ ಮೇಡಂ," ಎಂದರು ಮುನೀರ್. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಪ್ರಿಂಟೌಟಿನಲ್ಲಿ ಮುಖ ಹುದುಗಿಸಿಬಿಡುತ್ತಿದ್ದೆ, ಖಂಡಿತ.

"ಹಾಗಿದ್ರೆ ಕಾಗದದ ಪ್ರಕಾರ ಇದು ನಿಲ್ಲಲ್ಲ," ಎಂದು ಅವರು ಪೆನ್ನಿನ ಕ್ಯಾಪು ತೆಗೆದರು. ಮತ್ತೆ ನಿಲ್ಲಿಸಿ, "ಈ ಲೈಬ್ರರಿ ನೋಡ್ಕೊಳ್ಳೋರು ಯಾರು?" ಎಂದರು.

"ನಮ್ಮ ಹುಡುಗಿ, ಅಲ್ಲೇ ಕೂತಿದಾಳೆ," ಎಂದರು ಸರ್.

"ಏನಮ್ಮಾ, ಸಿ.ಡಿ.ಲಿ ಇಲ್ಲದ ಈ ಮೂವತ್ಮೂರು ತುಣುಕು ಯಾರು ಬರೆದಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಸರ್ ನಕ್ಕರು. "ಅವಳಿಗೆ ಅದೆಲ್ಲಾ ಹೇಗೆ ಗೊತ್ತಾಗತ್ತೆ ಮೇಡಂ? ಟೈಪ್ ಮಾಡೋ ಹುಡುಗಿ. ಪಾಪ, ಬರೀ ಬಿ.ಎಸ್‌ಸಿ. ಅಷ್ಟು ಸೊಗಸಾದ ತುಣುಕು ಬರಿಯೋಕೆ ತಲೆ ಬೇಕು. ಅವೆಲ್ಲಾ ಹಿಂದಿನ ಸುತ್ತುಗಳಲ್ಲಿ ಸ್ವಯಂಲೇಖ ತಾನೇ ಬರ್ಕೊಂಡಿದ್ದು. ಅಲ್ವೇನಮ್ಮಾ ಪ್ರಿಯದರ್ಶಿನಿ?"

ತಲೆ ಅಲ್ಲಾಡಿಸಬೇಕಾದ ಜಾಗ ಅದು. ಅವರು ಆಗಲೇ ಸುಭದ್ರಮ್ಮ ಮೇಡಂ ಕಡೆ ತಿರುಗಿಬಿಟ್ಟಿದ್ದರು, ನನ್ನ ತಲೆಯ ಮೇಲೆ ಅಷ್ಟು ಭರವಸೆ.

ನ್ಯಾಯಕ್ಕಾಗಿ ಎದ್ದೆ ಎಂದು ಬರೆದುಕೊಳ್ಳಬಹುದು. ಮುನೀರ್ ಅವರ ಆರು ವರ್ಷಕ್ಕಾಗಿ ಎದ್ದೆ ಎನ್ನಬಹುದು. ಅದೂ ಇತ್ತು, ಆದರೆ ಮೊದಲು ಬಂದದ್ದು ಅದಲ್ಲ. ಎರಡನೇ ಶನಿವಾರದ ತುಣುಕಿಗೆ ನಾನು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ. ಒಂದನೇ ತಾರೀಕೇ ಶನಿವಾರ ಬಂದರೆ ಏನಾಗಬೇಕು ಎಂದು ಬಸ್ಸಿನಲ್ಲಿ ಬೆರಳು ಮಡಿಸಿ ಲೆಕ್ಕ ಹಾಕಿದ್ದೆ. ಆ ಹೆಂಚಿನಷ್ಟು ಬಿಸಿಯಾಗುವ ಡಬ್ಬಿ ಅದನ್ನು ತಾನೇ ಬರೆಯಿತಂತೆ. ಸೊಗಸಾದದ್ದಂತೆ. ಅದಕ್ಕೆ ತಲೆ ಬೇಕಂತೆ.

ಎದ್ದು ನಿಂತಾಗ ತೊಡೆಯ ಮೇಲಿದ್ದ ಪ್ರಿಂಟೌಟ್ ಜಾರಿ ನೆಲಕ್ಕೆ ಬಿತ್ತು. ಮೂವರೂ ನನ್ನ ಕಡೆ ನೋಡಿದರು. ನನ್ನ ಧ್ವನಿ ಹೊರಟಿತು, ನಾನಂದುಕೊಂಡದ್ದಕ್ಕಿಂತ ಜೋರಾಗಿ.

"ಆ ಮೂವತ್ಮೂರನ್ನೂ ನಾನೇ ಬರೆದಿದ್ದು ಮೇಡಂ. ಪ್ರಶ್ನೆ ನೋಡಿದ ಮೇಲೆ."